ಕಾಲೇಜು ಫುಟ್‌ಬಾಲ್ ತಂಡಕ್ಕೆ ಹೊಸ ಹೆಡ್ ಕೋಚ್ ಆರಿಸುವುದು ಹೇಗೆ: ತೆಗೆಯುವ ಮುನ್ನದ ಲೆಕ್ಕದಿಂದ ಮೊದಲ ಮೂರು ವಾರದವರೆಗೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪ್ರತಿ ವರ್ಷ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಂದೇ ಎಡವಟ್ಟು ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಮರುಕಳಿಸುತ್ತದೆ. ಶನಿವಾರ ತಂಡ ಸೋಲುತ್ತದೆ, ಭಾನುವಾರ ಕೋಚ್ ಅವರನ್ನು ತೆಗೆಯುತ್ತಾರೆ, ಸೋಮವಾರ ಲೆಕ್ಕ ಹಾಕಲು ಕೂರುತ್ತಾರೆ. ಸಂದರ್ಶನ ಕೆಟ್ಟದಾಗಿ ನಡೆದು ಆಯ್ಕೆ ಹಾಳಾದದ್ದು ಕಡಿಮೆ. ಮಾಡಬೇಕಾದ ಕೆಲಸಗಳ ಕ್ರಮ ತಪ್ಪಿ ಹಾಳಾದದ್ದೇ ಹೆಚ್ಚು.

ಇಲ್ಲಿ ಹೇಳುತ್ತಿರುವುದು ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಫುಟ್‌ಬಾಲ್ ಬಗ್ಗೆ, ಅದರಲ್ಲೂ ಮೇಲ್ದರ್ಜೆಯ ಎಫ್‌ಬಿಎಸ್ ತಂಡಗಳ ಬಗ್ಗೆ. ಕ್ರಿಕೆಟ್‌ನಲ್ಲಿ ಮೈದಾನದ ತೀರ್ಮಾನ ನಾಯಕನದು. ಇಲ್ಲಿ ಆಟಗಾರರನ್ನು ಕರೆತರುವುದರಿಂದ ಹಿಡಿದು ಕೊನೆಯ ನಿಮಿಷದ ಟೈಮ್‌ಔಟ್‌ವರೆಗೆ ಎಲ್ಲವೂ ಹೆಡ್ ಕೋಚ್ ತಲೆಯ ಮೇಲೆ. ಆಯ್ಕೆ ಸಮಿತಿಯಲ್ಲಿ ಕೂರುವವರಿಗೆ, ಅದಕ್ಕೆ ದುಡ್ಡು ಕೊಡುವವರಿಗೆ, ತಮ್ಮ ವಿಶ್ವವಿದ್ಯಾಲಯ ಮಾಡುತ್ತಿರುವುದು ಸರಿಯೋ ತಪ್ಪೋ ಅಳೆಯಬಯಸುವ ಹಳೆಯ ವಿದ್ಯಾರ್ಥಿಗಳಿಗೆ ಈ ಹಂತಗಳು ಉಪಯೋಗಕ್ಕೆ ಬರುತ್ತವೆ.

ಶುರು ಮಾಡುವ ಮುನ್ನ ಮೇಜಿನ ಮೇಲಿರಬೇಕಾದ್ದು

ಈಗಿನ ಕೋಚ್ ಮತ್ತು ಪ್ರತಿಯೊಬ್ಬ ಸಹಾಯಕ ಕೋಚ್‌ನ ಒಪ್ಪಂದದ ಪೂರ್ಣ ಪ್ರತಿ (ಸಾರಾಂಶ ಸಾಲದು), ಮುಂದಿನ ಐದು ವರ್ಷದ ಕ್ರೀಡಾ ವಿಭಾಗದ ಬಜೆಟ್, ತಂಡದ ಈಗಿನ ಆಟಗಾರರ ಪಟ್ಟಿ ಮತ್ತು ಕಾಲೇಜು ಪರ ಆಡಲು ಯಾರ ಅರ್ಹತೆ ಎಷ್ಟು ವರ್ಷ ಉಳಿದಿದೆ ಎಂಬ ವಿವರ, ಸಹಿ ಹಾಕಲು ಒಪ್ಪಿರುವ ಪ್ರೌಢಶಾಲಾ ಆಟಗಾರರ ಪಟ್ಟಿ, ಕ್ರೀಡಾ ಒಪ್ಪಂದಗಳನ್ನು ಬರೆದು ಅಭ್ಯಾಸವಿರುವ ಒಬ್ಬ ವಕೀಲರು. ಇವುಗಳ ಜೊತೆಗೆ ಸೀಸನ್ ಚೆನ್ನಾಗಿ ನಡೆಯುತ್ತಿರುವಾಗಲೇ ಮಾಡಿಟ್ಟ ಹತ್ತು ಹನ್ನೆರಡು ಹೆಸರುಗಳ ಪಟ್ಟಿ. ತಂಡ ಗೆಲ್ಲುತ್ತಿದ್ದರೂ ಕೋಚ್‌ನನ್ನು ಬೇರೆಯವರು ಎಗರಿಸಿಕೊಂಡು ಹೋಗಬಹುದಾದ್ದರಿಂದ ಅಥ್ಲೆಟಿಕ್ ಡೈರೆಕ್ಟರ್ (ಮುಂದೆ ಎ.ಡಿ. ಎನ್ನೋಣ) ಇಂಥ ಪಟ್ಟಿಯನ್ನು ವರ್ಷವಿಡೀ ಇಟ್ಟುಕೊಂಡಿರಬೇಕು.

ಹಂತ 1: ತೆಗೆಯುವ ಮುನ್ನ ದುಡ್ಡಿನ ಲೆಕ್ಕ

ಅವಧಿ ಮುಗಿಯುವ ಮುನ್ನ ತೆಗೆದರೆ ಕೋಚ್‌ಗೆ ಕೊಡಬೇಕಾದ ಮೊತ್ತಕ್ಕೆ ಬೈಔಟ್ ಎನ್ನುತ್ತಾರೆ. ಎಲ್ಲರ ಕಣ್ಣಿಗೆ ಬೀಳುವುದು ಆ ಒಂದು ಅಂಕಿ ಮಾತ್ರ. ನಿಜವಾದ ಖರ್ಚು ಅದರ ಹಿಂದಿನ ಸಾಲುಗಳಲ್ಲಿದೆ.

ಮಧ್ಯಮ ಗಾತ್ರದ ವಿಶ್ವವಿದ್ಯಾಲಯ ಎಂದುಕೊಂಡು ಒಂದು ಮಾದರಿ ಲೆಕ್ಕ ಹಾಕೋಣ. ಹಳೆಯ ಕೋಚ್‌ಗೆ 1 ಕೋಟಿ ಡಾಲರ್. ಜೊತೆಯಲ್ಲೇ ಹೋಗುವ ಸಹಾಯಕರ ಬಾಕಿ ಒಪ್ಪಂದಗಳಿಗೆ 35 ಲಕ್ಷ. ಹೊಸಬರನ್ನು ಬಿಡಿಸಿಕೊಳ್ಳಲು ಅವರ ಈಗಿನ ವಿಶ್ವವಿದ್ಯಾಲಯಕ್ಕೆ 30 ಲಕ್ಷ. ಹೊಸ ಸಹಾಯಕರನ್ನು ಬಿಡಿಸಿಕೊಂಡು ಊರು ಬದಲಿಸಲು 10 ಲಕ್ಷ. ಹೊಸ ಕೋಚ್ ಒಂದು ದಿನದ ಅಭ್ಯಾಸ ನಡೆಸುವ ಮುನ್ನವೇ 1.75 ಕೋಟಿ ಹೋಯಿತು. ಇದರ ಮೇಲೆ ಮೊದಲ ವರ್ಷದ ಸಂಬಳ, ಕೋಚ್‌ಗೆ 45 ಲಕ್ಷ, ಸಹಾಯಕರೆಲ್ಲರಿಗೆ 60 ಲಕ್ಷ ಸೇರಿಸಿದರೆ 2.8 ಕೋಟಿ. ಖಾಸಗಿ ವಿಶ್ವವಿದ್ಯಾಲಯವಾದರೆ ಇನ್ನೂ ಒಂದು ಸಾಲು ಬೇಕು: 2017ರ ತೆರಿಗೆ ಕಾನೂನಿನ ಪ್ರಕಾರ, ಅತಿ ಹೆಚ್ಚು ಸಂಬಳದ ನೌಕರರಿಗೆ 10 ಲಕ್ಷ ಡಾಲರ್ ಮೀರಿ ಕೊಡುವ ಮೊತ್ತದ ಮೇಲೆ ಸಂಸ್ಥೆಯೇ ಶೇ 21 ತೆರಿಗೆ ಕಟ್ಟಬೇಕು.

ಮುಂದಿನ ಕೆಲಸ, ಹಳೆಯ ಒಪ್ಪಂದದಲ್ಲಿ ತಾರೀಖುಗಳನ್ನು ಹುಡುಕುವುದು. ನೆಬ್ರಾಸ್ಕಾ ವಿಶ್ವವಿದ್ಯಾಲಯ 2022ರಲ್ಲಿ ತನ್ನ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ಸೆಪ್ಟೆಂಬರ್ 11ರಂದು ತೆಗೆಯಿತು. ಅಕ್ಟೋಬರ್ 1ರವರೆಗೆ ತಡೆದಿದ್ದರೆ 1.5 ಕೋಟಿ ಡಾಲರ್ ಬೈಔಟ್ ಅರ್ಧಕ್ಕೆ ಇಳಿಯುತ್ತಿತ್ತು. ಅವಸರಕ್ಕೆ ಕಾರಣಗಳಿದ್ದವು ಎಂದು ವಾದಿಸಬಹುದು. ಆದರೆ ಆ ವಾದ ಗೊತ್ತಿದ್ದು ಮಾಡಿದ್ದಾಗಿರಬೇಕು, ಆಮೇಲೆ ಗೊತ್ತಾದದ್ದಲ್ಲ.

ಕಂತುಗಳನ್ನೂ ನೋಡಿ. ಟೆಕ್ಸಸ್ ಎ ಅಂಡ್ ಎಂ 2023ರ ನವೆಂಬರ್‌ನಲ್ಲಿ ಜಿಂಬೊ ಫಿಶರ್ ಅವರನ್ನು ಕಳಿಸಿದಾಗ ಸುಮಾರು 7.6 ಕೋಟಿ ಡಾಲರ್ ಕೊಡಬೇಕಾಯಿತು. ಅದರಲ್ಲಿ ಸುಮಾರು 1.9 ಕೋಟಿ 60 ದಿನದೊಳಗೆ, ಉಳಿದದ್ದು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚಿನಂತೆ 2031ರವರೆಗೆ. ಬೇರೆಡೆ ಕೆಲಸ ಸಿಕ್ಕರೂ ಇದರಲ್ಲಿ ಕಡಿತವಿಲ್ಲ ಎಂದು ಒಪ್ಪಂದ ಹೇಳುತ್ತಿತ್ತು. ಪೆನ್ ಸ್ಟೇಟ್ 2025ರ ಅಕ್ಟೋಬರ್‌ನಲ್ಲಿ ಜೇಮ್ಸ್ ಫ್ರ್ಯಾಂಕ್ಲಿನ್ ಅವರನ್ನು ತೆಗೆದಾಗ ಬಾಕಿ ಸುಮಾರು 4.9 ಕೋಟಿ ಇತ್ತು. ಅವರು ಮುಂದಿನ ತಿಂಗಳೇ ವರ್ಜೀನಿಯಾ ಟೆಕ್‌ಗೆ ಹೋದರು, ಬಾಕಿ 90 ಲಕ್ಷಕ್ಕೆ ಇತ್ಯರ್ಥವಾಯಿತು. ಎರಡರ ನಡುವಿನ ವ್ಯತ್ಯಾಸ ಒಪ್ಪಂದದ ಒಂದೆರಡು ಸಾಲುಗಳಲ್ಲಿದೆ. ಒಂಬತ್ತನೇ ಹಂತದಲ್ಲಿ ಆ ಸಾಲುಗಳಿಗೆ ಮತ್ತೆ ಬರೋಣ.

ಎಚ್ಚರಿಕೆಯ ಗಂಟೆ: "ಬೈಔಟ್ ನಾವು ಕೊಡುತ್ತೇವೆ" ಎಂದು ಒಬ್ಬ ಶ್ರೀಮಂತ ದಾನಿ ಫೋನಿನಲ್ಲಿ ಹೇಳಿದ್ದೇ ಆಧಾರವಾಗಿದ್ದರೆ ಅಲ್ಲೇ ನಿಲ್ಲಿಸಿ. ಬರಹದಲ್ಲಿ ಬರಲಿ. ಇಲ್ಲದಿದ್ದರೆ ಮುಂದಿನ ಕೋಚ್ ಯಾರೆಂದು ತೀರ್ಮಾನಿಸುವವರು ಅವರೇ ಆಗುತ್ತಾರೆ.

ಹಂತ 2: ತೀರ್ಮಾನ ಯಾರದು ಎಂದು ಬರೆದಿಡಿ

ಮೂರರಿಂದ ಐದು ಜನ ಸಾಕು: ಎ.ಡಿ., ವಿಶ್ವವಿದ್ಯಾಲಯದ ಅಧ್ಯಕ್ಷರು, ಆಡಳಿತ ಮಂಡಳಿಯಿಂದ ಒಬ್ಬರು, ವಕೀಲರು, ಹಣಕಾಸು ನೋಡುವವರು. ಹುಡುಕುವವರು ಎ.ಡಿ., ಒಪ್ಪುವವರು ಅಧ್ಯಕ್ಷರು. ಮಂಡಳಿಯ ಸದಸ್ಯರು ಅಭ್ಯರ್ಥಿಗಳ ಏಜೆಂಟರಿಗೆ ತಾವೇ ಫೋನ್ ಮಾಡಕೂಡದು. ಮಾಡಿದರೆ ಏಜೆಂಟರು ಎರಡೂ ಕಡೆ ಮಾತಾಡಿ ಬೆಲೆ ಏರಿಸುತ್ತಾರೆ.

ಟೆನೆಸಿಯಲ್ಲಿ 2017ರ ನವೆಂಬರ್ 26ರಂದು ಆದದ್ದನ್ನು ಪ್ರತಿಯೊಂದು ಸಮಿತಿಯೂ ಓದಿಕೊಳ್ಳಬೇಕು. ಹೊಸದಾಗಿ ಆರಿಸಿದ ಕೋಚ್ ಗ್ರೆಗ್ ಶಿಯಾನೊ ಮತ್ತು ಎ.ಡಿ. ಒಪ್ಪಂದದ ಪ್ರಾಥಮಿಕ ಪತ್ರಕ್ಕೆ ಸಹಿ ಹಾಕಿಯಾಗಿತ್ತು. ಸುದ್ದಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಅಭಿಮಾನಿಗಳು, ರಾಜಕಾರಣಿಗಳು ತಿರುಗಿಬಿದ್ದರು. ವಿಶ್ವವಿದ್ಯಾಲಯ ಅದೇ ದಿನ ಹಿಂದೆ ಸರಿಯಿತು. ಒಂದು ವಾರದೊಳಗೆ ಎ.ಡಿ. ಕೂಡ ಕುರ್ಚಿ ಕಳೆದುಕೊಂಡರು. ಆಮೇಲೆ ಬಂದ ಎ.ಡಿ. ಆರಿಸಿದ ಜೆರೆಮಿ ಪ್ರುಯಿಟ್ ಅವರನ್ನು ರಿಕ್ರೂಟಿಂಗ್ (ಪ್ರೌಢಶಾಲಾ ಆಟಗಾರರನ್ನು ತಂಡಕ್ಕೆ ಸೆಳೆಯುವ) ನಿಯಮ ಉಲ್ಲಂಘನೆಯ ಕಾರಣಕ್ಕೆ 2021ರ ಜನವರಿಯಲ್ಲಿ ತೆಗೆಯಬೇಕಾಯಿತು. ಹೆಸರು ಹೊರಬಂದ ಮೇಲೆ ಮೊದಲ ಆರು ಗಂಟೆ ಗಟ್ಟಿಯಾಗಿ ನಿಲ್ಲುವವರು ಯಾರು ಎಂಬ ಪ್ರಶ್ನೆಗೆ ಅಧ್ಯಕ್ಷರ ಬಾಯಿಂದಲೇ ಉತ್ತರ ಬಂದಿರಬೇಕು.

ಗುಟ್ಟು ಕಾಯುವುದೂ ಈ ಹಂತದ ಕೆಲಸವೇ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಇಮೇಲ್, ಸಂದೇಶ, ಪ್ರಯಾಣದ ಬಿಲ್ಲು ಎಲ್ಲವೂ ಮಾಹಿತಿ ಕಾಯ್ದೆಯಡಿ ಹೊರಬರಬಹುದು. ಅಭಿಮಾನಿಗಳು ವಿಶ್ವವಿದ್ಯಾಲಯದ ವಿಮಾನದ ನಂಬರ್ ಹಿಡಿದು ಅದು ಎಲ್ಲಿ ಇಳಿಯುತ್ತದೆ ಎಂದು ಫೋನಿನಲ್ಲೇ ನೋಡುತ್ತಾರೆ. ಅಭ್ಯರ್ಥಿ ಹುಡುಕಿಕೊಡುವ ಸರ್ಚ್ ಫರ್ಮ್‌ಗಳನ್ನು ನೇಮಿಸಿಕೊಳ್ಳುವುದಕ್ಕೆ ದೊಡ್ಡ ಕಾರಣ ಇದೇ: ಅಭ್ಯರ್ಥಿಯ ಜೊತೆ ಮೊದಲ ಮಾತು ಮೂರನೆಯವರ ಮೂಲಕ ಆಗಲಿ ಎಂದು. ಹೆಸರು ಹುಡುಕಿಕೊಡಲಿ ಎಂದು ಫರ್ಮ್ ಇಟ್ಟುಕೊಂಡರೆ ದುಡ್ಡು ದಂಡ. ಹುದ್ದೆಯನ್ನು ಇಷ್ಟು ದಿನ ಪ್ರಕಟಿಸಿರಬೇಕು ಎಂಬ ನಿಯಮ ಹಲವು ಸರ್ಕಾರಿ ಸಂಸ್ಥೆಗಳಲ್ಲಿದೆ. ಅರ್ಹ ಅಲ್ಪಸಂಖ್ಯಾತ ಅಭ್ಯರ್ಥಿಯನ್ನು ಸಂದರ್ಶಿಸಲೇಬೇಕು ಎಂದು ಆರೆಗಾನ್ ರಾಜ್ಯ 2009ರಲ್ಲೇ ಕಾನೂನು ಮಾಡಿದೆ. ಇಂಥವನ್ನು ವಕೀಲರು ಮೊದಲ ದಿನವೇ ಪಟ್ಟಿ ಮಾಡಿಕೊಡಲಿ.

ಹಂತ 3: ಕ್ಯಾಲೆಂಡರ್ ಅನ್ನು ಹಿಂದಿನಿಂದ ಓದಿ

ಡಿಸೆಂಬರ್ ಮೊದಲ ವಾರ ಪ್ರೌಢಶಾಲಾ ಆಟಗಾರರು ಸಹಿ ಹಾಕುತ್ತಾರೆ (2025ರಲ್ಲಿ ಡಿಸೆಂಬರ್ 3ರಿಂದ 5). ಬೇರೆ ಕಾಲೇಜಿಗೆ ಹೋಗಬಯಸುವವರಿಗೆ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯುವುದು ಜನವರಿಯಲ್ಲಿ. 2026ರಲ್ಲಿ ಅದು ಜನವರಿ 2ರಿಂದ 16. ಕೋಚ್ ಬದಲಾದ ತಂಡದ ಆಟಗಾರರಿಗೆ ಬೇರೆ ಬಾಗಿಲು: ಹೊಸ ಕೋಚ್ ಬಂದ ಐದು ದಿನದ ನಂತರ 15 ದಿನ ತೆರೆದಿರುತ್ತದೆ.

ಸಹಿಯ ವಾರಕ್ಕೆ ಮುನ್ನ ಕೋಚ್ ಬೇಕೆಂದರೆ ನವೆಂಬರ್ ಕೊನೆಯ ಶನಿವಾರದ ಆಟ ಮುಗಿದ 48 ಗಂಟೆಯಲ್ಲಿ ಸಹಿ ಆಗಬೇಕು. ಅಂದರೆ ಅಷ್ಟು ಹೊತ್ತಿಗೆ ಐದು, ಆರು, ಏಳನೇ ಹಂತಗಳು ಮುಗಿದಿರಬೇಕು. ಆಗಲಿಲ್ಲವೇ? ಸಹಿಯ ವಾರವನ್ನು ಬಿಟ್ಟುಕೊಟ್ಟು ಪೋರ್ಟಲ್ ತೆರೆಯುವ ಮುನ್ನ ಮುಗಿಸುವ ಗುರಿ ಇಡಿ. ಅವಸರದಲ್ಲಿ ಆರಿಸಿದ ಕೋಚ್‌ಗಿಂತ ಒಂದು ವರ್ಷದ ತೆಳುವಾದ ರಿಕ್ರೂಟಿಂಗ್ ಕಡಿಮೆ ನಷ್ಟ. ಪೋರ್ಟಲ್ ಬಂದ ಮೇಲಂತೂ ಅರ್ಧ ತಂಡವನ್ನು ಜನವರಿಯಲ್ಲೇ ಕಟ್ಟಬಹುದು.

ವೇಗ ಸಾಧ್ಯ, ಸಿದ್ಧತೆ ಇದ್ದರೆ. ಅಲಬಾಮಾದ ಕೋಚ್ ನಿಕ್ ಸೇಬನ್ 2024ರ ಜನವರಿ 10ರಂದು ನಿವೃತ್ತಿ ಘೋಷಿಸಿದರು. ಅಲಬಾಮಾ 12ರಂದು ಕೇಲನ್ ಡಿಬೋರ್ ಅವರನ್ನು ನೇಮಿಸಿತು. ಎರಡು ದಿನದಲ್ಲಿ ಮೊದಲಿನಿಂದ ಹುಡುಕಿ ಮುಗಿಸಲು ಯಾರಿಂದಲೂ ಆಗುವುದಿಲ್ಲ.

ಹೊಸ ತೊಡಕೊಂದಿದೆ. 2024ರಿಂದ ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್ 12 ತಂಡಗಳದ್ದು, ಜನವರಿ ಮೂರನೇ ವಾರದವರೆಗೆ ಎಳೆಯುತ್ತದೆ. ನಿಮಗೆ ಬೇಕಾದ ಕೋಚ್ ಅಲ್ಲಿ ಆಡುತ್ತಿದ್ದರೆ ಅವರ ಈಗಿನ ಸಂಸ್ಥೆ ಬಿಟ್ಟುಕೊಡುತ್ತದೆಯೇ, ಅಲ್ಲೇ ಆಡಿ ಮುಗಿಸಿ ಎನ್ನುತ್ತದೆಯೇ ಎಂದು ಮೊದಲೇ ಕೇಳಿ. ಲೇನ್ ಕಿಫಿನ್ 2025ರ ನವೆಂಬರ್ 30ರಂದು ಎಲ್ಎಸ್‌ಯುಗೆ (ಲೂಸಿಯಾನಾ ಸ್ಟೇಟ್) ಹೊರಟಾಗ ಅವರ ಆಗಿನ ಸಂಸ್ಥೆ ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) ಅವರಿಗೆ ಪ್ಲೇಆಫ್‌ನಲ್ಲಿ ತಂಡ ನಡೆಸಲು ಬಿಡಲಿಲ್ಲ.

ಹಂತ 4: ಬೇಕಾದ್ದನ್ನು ಐದು ಸಾಲಿನಲ್ಲಿ ಬರೆಯಿರಿ

ಹೆಸರುಗಳಿಗೆ ಮುನ್ನ ಇದು. "ಗೆಲ್ಲುವವರು ಬೇಕು" ಎನ್ನುವುದು ಸಾಲಲ್ಲ. ನಮ್ಮ ರಾಜ್ಯದಲ್ಲಿ ಒಳ್ಳೆಯ ಆಟಗಾರರು ಎಷ್ಟು ಸಿಗುತ್ತಾರೆ, ಆಟಗಾರರಿಗೆ ಕೊಡಲು ಎಷ್ಟಿದೆ, ನಮ್ಮ ಪ್ರವೇಶ ನಿಯಮ ಎಷ್ಟು ಬಿಗಿ, ಮೂರನೇ ವರ್ಷಕ್ಕೆ ಎಷ್ಟು ಗೆಲುವನ್ನು ಯಶಸ್ಸೆನ್ನುತ್ತೇವೆ, ಯಾವ ನಡತೆಯನ್ನು ಸಹಿಸುವುದಿಲ್ಲ ಎಂಬ ಐದಕ್ಕೆ ಉತ್ತರ ಬೇಕು.

ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ: ಹೋದವರಿಗೆ ತದ್ವಿರುದ್ಧ ಇರುವವರನ್ನು ತರುವುದು. ಹಳಬರು ಗದರುತ್ತಿದ್ದರೆ ಮೃದು ಮಾತಿನವರು, ಹಳಬರು ಡಿಫೆನ್ಸ್‌ನವರಾದರೆ ಆಫೆನ್ಸ್‌ನವರು. ತಂಡ ಸೋತದ್ದು ಲೈನ್‌ನಲ್ಲಿ, ಅಂದರೆ ಮುಂಚೂಣಿಯ ಸಾಲಿನಲ್ಲಿ ಆಡುವ ದಪ್ಪ ಹುಡುಗರು ಸಾಲದೆ. ಕೋಚ್ ಸ್ವಭಾವ ಬದಲಾದರೆ ಅವರೇನು ಹುಟ್ಟಿಬರುವುದಿಲ್ಲ.

ಹಂತ 5: ಹನ್ನೆರಡು ಹೆಸರನ್ನು ನಾಲ್ಕಕ್ಕೆ ಇಳಿಸಿ

ಅಭ್ಯರ್ಥಿಗಳು ಸಾಮಾನ್ಯವಾಗಿ ನಾಲ್ಕು ಬಗೆ. ಕೆಳಗಿನ ಹಂತದಲ್ಲಿ ಗೆದ್ದ ಹೆಡ್ ಕೋಚ್, ದೊಡ್ಡ ತಂಡದ ಕೋಆರ್ಡಿನೇಟರ್ (ಆಫೆನ್ಸ್ ಅಥವಾ ಡಿಫೆನ್ಸ್ ಒಂದನ್ನೇ ನಡೆಸುವ ಹಿರಿಯ ಸಹಾಯಕ), ವೃತ್ತಿಪರ ಲೀಗ್‌ನಿಂದ ಬರುವವರು, ನಿಮ್ಮಲ್ಲೇ ತಾತ್ಕಾಲಿಕವಾಗಿ ಕೂತಿರುವವರು.

ಅಳುಕದೆ ಹೇಳಬಹುದು: ಮೊದಲ ಬಗೆಯವರನ್ನು ಸಮಿತಿಗಳು ಅನ್ಯಾಯವಾಗಿ ಕಡೆಗಣಿಸುತ್ತವೆ. ಲ್ಯಾನ್ಸ್ ಲೈಪೋಲ್ಡ್ ಮೂರನೇ ಡಿವಿಷನ್‌ನ ವಿಸ್ಕಾನ್ಸಿನ್-ವೈಟ್‌ವಾಟರ್‌ನಲ್ಲಿ ಆರು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು; ಡಿಬೋರ್ ಅವರು ಸಣ್ಣ ಕಾಲೇಜು ಸೂ ಫಾಲ್ಸ್‌ನಲ್ಲಿ 67 ಗೆದ್ದು 3 ಸೋತವರು. ಹೆಡ್ ಕೋಚ್ ಕೆಲಸದ ಬಹುಪಾಲು ಆಡಳಿತ, ಅದನ್ನು ಅವರು ಆಗಲೇ ಮಾಡಿ ತೋರಿಸಿದ್ದಾರೆ. ಕೋಆರ್ಡಿನೇಟರ್‌ಗಳು ಒಂದು ಬದಿಯ ಆಟವನ್ನು ಮಾತ್ರ ನಡೆಸಿದವರು, ಅದೂ ಬೇರೊಬ್ಬರು ಕರೆತಂದ ಆಟಗಾರರಿಂದ.

ತಾತ್ಕಾಲಿಕ ಕೋಚ್ ವಿಷಯದಲ್ಲಿ ಹುಷಾರು. ಕ್ಲೆಮ್ಸನ್‌ನಲ್ಲಿ ಡ್ಯಾಬೊ ಸ್ವಿನ್ನಿ 2008ರ ಅಕ್ಟೋಬರ್‌ನಲ್ಲಿ ಹಾಗೇ ಕೂತು ಎರಡು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು ನಿಜ. ಆದರೆ ಕೋಚ್ ಹೋದ ಮೇಲೆ ಸಿಗುವ ನಾಲ್ಕಾರು ಗೆಲುವುಗಳ ಹಿಂದೆ ಹುಡುಗರ ಬಿಡುಗಡೆಯ ಉತ್ಸಾಹವೂ ಇರುತ್ತದೆ. ಅವರನ್ನೂ ಹೊರಗಿನವರ ಹಾಗೆಯೇ ಎಲ್ಲ ಹಂತಗಳಿಂದ ಹಾಯಿಸಿ. ಆಟಗಾರರು ಭುಜದ ಮೇಲೆ ಹೊತ್ತು ಕುಣಿದರೆಂದು ಆ ರಾತ್ರಿಯೇ ಘೋಷಿಸಬೇಡಿ.

ಹಂತ 6: ಗೆಲುವು ಸೋಲಿನ ಪಟ್ಟಿಯನ್ನು ಓದುವ ಬಗೆ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಪ್ರತಿ ಅಭ್ಯರ್ಥಿಗೂ ಒಂದು ಹಾಳೆ. ಮೊದಲ ಕಾಲಮ್‌ನಲ್ಲಿ ಅವರು ಬರುವ ಮುನ್ನಿನ ಎರಡು ವರ್ಷ ತಂಡ ಹೇಗಿತ್ತು, ನಂತರದಲ್ಲಿ ಅವರ ಮೊದಲ, ಎರಡನೇ, ಮೂರನೇ ವರ್ಷ, ಕೊನೆಯಲ್ಲಿ ಅವರು ಬಿಟ್ಟುಹೋದ ಮೇಲಿನ ವರ್ಷ. ಈ ಕೊನೆಯ ಕಾಲಮ್ ಯಾರೂ ಬರೆಯುವುದಿಲ್ಲ. ಬಿಟ್ಟುಹೋದ ತಂಡ ಮರುವರ್ಷವೇ ಕುಸಿದಿದ್ದರೆ ಎರಡು ಅರ್ಥ: ಅವರು ನಿಜಕ್ಕೂ ದೊಡ್ಡವರು, ಇಲ್ಲವೇ ಹಿರಿಯ ಆಟಗಾರರನ್ನು ಹಿಂಡಿ ಮುಂದಿನವರನ್ನು ಬೆಳೆಸದೆ ಹೋದರು. ಆ ತಂಡದ ರೋಸ್ಟರ್ ತೆರೆದು ಎರಡನೇ ವರ್ಷದ ಹುಡುಗರು ಎಷ್ಟಿದ್ದರು ಎಂದು ಎಣಿಸಿದರೆ ಯಾವುದೆಂದು ತಿಳಿಯುತ್ತದೆ.

ಎರಡು ಉದಾಹರಣೆ ಅಕ್ಕಪಕ್ಕ ಇಡೋಣ. ಫ್ರಾಸ್ಟ್ ಅವರು 2015ರಲ್ಲಿ ಒಂದೂ ಗೆಲ್ಲದ ಯುಸಿಎಫ್‌ಗೆ (ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲೋರಿಡಾ) ಹೋಗಿ ಎರಡನೇ ವರ್ಷ ಅಜೇಯರಾದರು. ನೆಬ್ರಾಸ್ಕಾದ ಹಳೆಯ ಕ್ವಾರ್ಟರ್‌ಬ್ಯಾಕ್ (ಆಫೆನ್ಸ್ ಮುನ್ನಡೆಸಿ ಚೆಂಡೆಸೆಯುವ ಆಟಗಾರ) ಬೇರೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ. ನೆಬ್ರಾಸ್ಕಾದಲ್ಲಿ 16 ಗೆಲುವು, 31 ಸೋಲು. ಕರ್ಟ್ ಸಿಗ್ನೆಟಿ 2023ರ ನವೆಂಬರ್ ಕೊನೆಗೆ ಇಂಡಿಯಾನಾಗೆ ಬಂದಾಗ ವಯಸ್ಸು 62, ಹೆಸರು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಆದರೆ ಹಾಳೆ ನೋಡಿ: ಐಯುಪಿಯಲ್ಲಿ (ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ) 53-17, ಅಂದರೆ 53 ಗೆಲುವು, 17 ಸೋಲು, ಹಿಂದಿನ ವರ್ಷ ಎರಡೇ ಗೆದ್ದಿದ್ದ ಎಲಾನ್‌ನಲ್ಲಿ ಮೊದಲ ವರ್ಷವೇ 8 ಗೆಲುವು, ಜೇಮ್ಸ್ ಮ್ಯಾಡಿಸನ್‌ನಲ್ಲಿ 52-9. ಮೂರು ಕಡೆ, ಮೂರು ಮಟ್ಟದಲ್ಲಿ ಒಂದೇ ಕಥೆ. ಮುನ್ನಾ ವರ್ಷ 3-9 ಇದ್ದ ಇಂಡಿಯಾನಾ 2024ರಲ್ಲಿ 11-2 ಆಗಿ ಪ್ಲೇಆಫ್ ತಲುಪಿತು. ಎರಡು ಸೀಸನ್‌ನ ಒಂದು ಮಿಂಚಿಗಿಂತ ಹದಿಮೂರು ಸೀಸನ್‌ನ ಬೇಸರ ತರಿಸುವಷ್ಟು ಏಕತಾನದ ಗೆಲುವಿಗೆ ತೂಕ ಹೆಚ್ಚು.

ಒಂದೇ ಸ್ಕೋರಿನ ಅಂತರದ ಆಟಗಳನ್ನು (8 ಪಾಯಿಂಟ್ ಒಳಗೆ) ಬೇರೆ ಮಾಡಿ. ಒಂದು ವರ್ಷ ಇಂಥ ಆಟ ಆರಕ್ಕೆ ಆರೂ ಗೆದ್ದಿದ್ದರೆ ಅದರಲ್ಲಿ ಅದೃಷ್ಟ ಬಹಳ, ಮರುವರ್ಷ ಇಳಿಯುತ್ತದೆ. ಎಸೆತ ಕಸಿದುಕೊಂಡದ್ದು, ಕೈಜಾರಿದ ಚೆಂಡು ಹಿಡಿದದ್ದು ಇವುಗಳ ಲೆಕ್ಕವೂ ಹಾಗೆಯೇ ವರ್ಷದಿಂದ ವರ್ಷಕ್ಕೆ ತೂಗಾಡುತ್ತದೆ. ಆದರೆ ಇಂಥ ಒಂದೇ ಸ್ಕೋರಿನ ಆಟಗಳಲ್ಲಿ ಫ್ರಾಸ್ಟ್ ಅವರದು ನೆಬ್ರಾಸ್ಕಾದಲ್ಲಿ 5-22. ನಾಲ್ಕು ವರ್ಷ ದಾಟಿಯೂ ಹಾಗೇ ಇದ್ದರೆ ಅದು ಅದೃಷ್ಟವಲ್ಲ. ಕಿಕ್ಕಿಂಗ್, ಗಡಿಯಾರ ನಿರ್ವಹಣೆ, ಪೆನಾಲ್ಟಿ ಎಲ್ಲೋ ತಪ್ಪುತ್ತಿದೆ.

ಕೊನೆಗೆ, ಆ ಗೆಲುವು ಯಾರದು? ಅವರ ಒಳ್ಳೆಯ ವರ್ಷಗಳೆಲ್ಲ ಒಬ್ಬ ಕೋಆರ್ಡಿನೇಟರ್ ಇದ್ದ ಅವಧಿಗೆ ಸರಿಯಾಗಿ ಹೊಂದಿಕೊಂಡರೆ ಆ ಕೋಆರ್ಡಿನೇಟರ್ ಬರುತ್ತಾರೆಯೇ ಎಂಬುದೇ ಮೊದಲ ಪ್ರಶ್ನೆ. ಸಿಗ್ನೆಟಿ ತಮ್ಮ ಇಬ್ಬರು ಕೋಆರ್ಡಿನೇಟರ್‌ಗಳನ್ನೂ ಜೊತೆಗೆ ಕರೆತಂದರು. ಹದಿಮೂರು ಆಟಗಾರರು ಹಿಂದೆಯೇ ಬಂದರು.

ಹಂತ 7: ಹಿನ್ನೆಲೆ ಪರಿಶೀಲನೆ

ನೊಟ್ರ್ ಡೇಮ್ 2001ರ ಡಿಸೆಂಬರ್‌ನಲ್ಲಿ ನೇಮಿಸಿದ ಜಾರ್ಜ್ ಓಲಿಯರಿ ಐದೇ ದಿನದಲ್ಲಿ ರಾಜೀನಾಮೆ ಕೊಟ್ಟರು. ಬಯೋಡೇಟಾದಲ್ಲಿ ಇಲ್ಲದ ಸ್ನಾತಕೋತ್ತರ ಪದವಿ, ಆಡದ ಫುಟ್‌ಬಾಲ್ ಇತ್ತು. ಪದವಿಗಳನ್ನು ವಿಶ್ವವಿದ್ಯಾಲಯಗಳಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಲು ಒಂದು ಮಧ್ಯಾಹ್ನ ಸಾಕು.

ಆಮೇಲೆ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಎನ್‌ಸಿಎಎಯ ಉಲ್ಲಂಘನೆಗಳ ದಾಖಲೆ, ನ್ಯಾಯಾಲಯದ ದಾಖಲೆ, ಲೈಂಗಿಕ ಕಿರುಕುಳ ದೂರುಗಳಲ್ಲಿ ಅವರ ಹೆಸರು ಅಥವಾ ಅವರು ನಡೆಸಿದ ತಂಡದ ಹೆಸರು. 2023ರ ಜನವರಿಯಿಂದ ಸಹಾಯಕರ ತಪ್ಪಿಗೂ ಹೆಡ್ ಕೋಚ್ ನೇರ ಹೊಣೆ. "ನನಗೆ ಗೊತ್ತಿರಲಿಲ್ಲ" ಎಂಬುದು ನಡೆಯುವುದಿಲ್ಲ. ಆದ್ದರಿಂದ ಅವರು ತರಬಯಸುವ ಸಹಾಯಕರನ್ನೂ ಇದೇ ಜರಡಿಯಲ್ಲಿ ಹಾಯಿಸಿ. ಆಟಗಾರರ ಓದಿನ ಸೂಚ್ಯಂಕ ಎಪಿಆರ್ 930ಕ್ಕಿಂತ ಕೆಳಗಿಳಿದರೆ ತಂಡ ಸೀಸನ್ ನಂತರದ ಆಟಗಳಿಂದ ಹೊರಬೀಳುವ ಅಪಾಯವಿದೆ. ಅವರ ಹಿಂದಿನ ತಂಡದ ಅಂಕಿ ಕೇಳಿ.

ಅಭ್ಯರ್ಥಿ ಕೊಟ್ಟ ಹೆಸರುಗಳಿಗಷ್ಟೇ ಫೋನ್ ಮಾಡುವುದೆಂದರೆ ಗಂಡಿನ ಗುಣ ಹೇಗೆಂದು ಅವನ ಚಿಕ್ಕಪ್ಪನನ್ನೇ ಕೇಳಿದ ಹಾಗೆ. ಪಟ್ಟಿಯಲ್ಲಿಲ್ಲದವರನ್ನು ಹುಡುಕಿ: ತಂಡದ ಫಿಸಿಯೊ, ಸಾಮಾನು ನೋಡಿಕೊಳ್ಳುವವರು, ಓದಿನ ಸಲಹೆಗಾರರು, ಬಿಟ್ಟುಹೋದ ಸಹಾಯಕ ಕೋಚ್, ಅವಕಾಶ ಸಿಗದೆ ಬೆಂಚಿನಲ್ಲೇ ಕೂತ ಆಟಗಾರ. "ಗಾಯವಾದ ಹುಡುಗನನ್ನು ಬೇಗ ಆಡಿಸಿ ಎಂದು ಒತ್ತಡ ಹಾಕಿದ್ದುಂಟೇ?" ಎಂದು ಫಿಸಿಯೊಗೆ ಕೇಳಿ. ಮಾತಿಗಿಂತ ಮೊದಲು ಬರುವ ಮೌನ ಎಷ್ಟು ಉದ್ದವಿತ್ತು ಎಂದು ಗಮನಿಸಿ.

ಹಂತ 8: ಸಂದರ್ಶನ

ನಾಲ್ಕು ತಾಸು ಇಡಿ, ಕ್ಯಾಂಪಸ್‌ನ ಹೊರಗೆ, ಇಬ್ಬರು ಅಥವಾ ಮೂವರು ಮಾತ್ರ. ಮಾತು ಚೆನ್ನಾಗಿ ಆಡುವುದು ಕೋಚ್‌ಗಳ ಕಸುಬು. ದಿನಾ ಆಟಗಾರರ ಮನೆಯ ಸೋಫಾದಲ್ಲಿ ಕೂತು ಅಪ್ಪ ಅಮ್ಮನನ್ನು ಒಪ್ಪಿಸುವವರು ಅವರು. ಆದ್ದರಿಂದ ಮಾತಾಡಿಸುವುದಕ್ಕಿಂತ ಕೆಲಸ ಮಾಡಿಸಿ.

ಒಂದು ಕಾಗದ ಕೊಟ್ಟು ಸೀಸನ್ ನಡುವಿನ ಮಂಗಳವಾರದ ಅಭ್ಯಾಸವನ್ನು ಐದೈದು ನಿಮಿಷದ 24 ತುಂಡುಗಳಲ್ಲಿ ಬರೆಯಲು ಹೇಳಿ. ವಾರಕ್ಕೆ 20 ಗಂಟೆಯ ಮಿತಿ ಇರುವುದರಿಂದ ಒಂದೊಂದು ತುಂಡಿಗೂ ಬೆಲೆಯಿದೆ. ಕಿಕ್ಕಿಂಗ್‌ಗೆ ಎಷ್ಟು ತುಂಡು? ಮೊದಲ ತಂಡದ ಆಫೆನ್ಸ್ ಮೊದಲ ತಂಡದ ಡಿಫೆನ್ಸ್ ಎದುರು ಎಷ್ಟು ಹೊತ್ತು? ಮೂರನೇ ಸಾಲಿನ ಹುಡುಗರು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾರೆ? ಬರೆಯುವ ಮುನ್ನ "ನಿಮ್ಮಲ್ಲಿ ಅಭ್ಯಾಸದ ಮೈದಾನ ಎಷ್ಟಿವೆ?" ಎಂದು ಕೇಳುವವರು ಈ ಕೆಲಸವನ್ನು ನಿಜಕ್ಕೂ ಕೈಯಾರೆ ಮಾಡಿದವರು.

ಎರಡನೆಯದು: ನಾಲ್ಕು ಪಾಯಿಂಟ್ ಮುಂದಿದ್ದೀರಿ, ಮೂರು ನಿಮಿಷ ಬಾಕಿ, ಎದುರಾಳಿಯ 38ನೇ ಗಜದಲ್ಲಿ ನಾಲ್ಕನೇ ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು), ಎರಡು ಗಜ ಬೇಕು. ಏನು ಮಾಡುತ್ತೀರಿ? ಉತ್ತರ ಮುಖ್ಯವಲ್ಲ. ಆ ತೀರ್ಮಾನವನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ಹೆಡ್‌ಸೆಟ್‌ನಲ್ಲಿ ನಿಮಗೆ ಅಂಕಿ ಹೇಳುವವರು ಯಾರು ಎಂದು ಕೇಳಿ. ಮೂರನೇ ಡೌನ್‌ಗೆ ಮುನ್ನವೇ ತೀರ್ಮಾನ ಆಗಿರುತ್ತದೆ ಎನ್ನುವವರು ಒಳ್ಳೆಯವರು. "ಆ ಕ್ಷಣ ಮನಸ್ಸಿಗೆ ಅನಿಸಿದ್ದು" ಎಂದರೆ ಗುರುತು ಹಾಕಿಕೊಳ್ಳಿ.

ದುಡ್ಡಿನ ಪ್ರಶ್ನೆ ಬಿಡಬೇಡಿ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದ ನಂತರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. 2025-26ಕ್ಕೆ ಎಲ್ಲ ಕ್ರೀಡೆಗಳಿಗೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್, ಫುಟ್‌ಬಾಲ್ ತಂಡದ ಗಾತ್ರ 105. ನಿಮ್ಮ ಫುಟ್‌ಬಾಲ್ ಪಾಲನ್ನು ಹೇಳಿ, ಅದನ್ನು ಸ್ಥಾನವಾರು ಹಂಚಲು ಕೇಳಿ. ಕ್ವಾರ್ಟರ್‌ಬ್ಯಾಕ್‌ಗೆ ಎಷ್ಟು, ಲೈನ್‌ಗೆ ಎಷ್ಟು, ಉಳಿಸಿಕೊಳ್ಳಬೇಕಾದ ಹಳೆಯ ಆಟಗಾರರಿಗೆ ಎಷ್ಟು ಎಂದು ಅಂಕಿ ಬಾರದೆ ಬರೀ ಸಂಸ್ಕೃತಿ, ಕುಟುಂಬ ಎಂಬ ಮಾತೇ ಬಂದರೆ ಮುಂದಿನ ಹೆಸರಿಗೆ ಹೋಗಿ. ಸಹಾಯಕರ ಬಗ್ಗೆಯೂ ಖಚಿತ ಹೆಸರು ಕೇಳಿ: ಪ್ರತಿ ಕೋಆರ್ಡಿನೇಟರ್ ಹುದ್ದೆಗೆ ಮೂರು ಹೆಸರು, ಅವರ ಈಗಿನ ಸಂಬಳ ಸಮೇತ.

ಹಂತ 9: ಒಪ್ಪಂದ

ಮೊದಲು ಎರಡು ಮೂರು ಪುಟದ ಪ್ರಾಥಮಿಕ ಪತ್ರ. ಅದರಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸಲು ಹೊರಟರೆ ಏಜೆಂಟರು ಒಪ್ಪುವುದಿಲ್ಲ. ಪತ್ರಿಕಾಗೋಷ್ಠಿ ಆದ ಮೇಲೆ ನಿಮ್ಮ ಕೈ ಕಟ್ಟಿದಂತೆಯೇ ಸರಿ.

ಪತ್ರದಲ್ಲೇ ಇರಬೇಕಾದ ಸಾಲುಗಳು ಇವು. ತೆಗೆದರೆ ಬಾಕಿ ಸಂಬಳದ ಪೂರ್ತಿ ಮೊತ್ತವಲ್ಲ, ಇಷ್ಟು ಶೇಕಡ ಮತ್ತು ಅದು ವರ್ಷ ವರ್ಷ ಇಳಿಯುತ್ತದೆ. ಬಾಕಿಯನ್ನು ತಿಂಗಳ ಕಂತಿನಲ್ಲಿ ಕೊಡುತ್ತೇವೆ. ತೆಗೆದ ಮೇಲೆ ಬೇರೆ ಕೆಲಸ ಹುಡುಕುವುದು ಕೋಚ್ ಕರ್ತವ್ಯ, ಸಿಕ್ಕರೆ ಆ ಸಂಬಳ ನಮ್ಮ ಬಾಕಿಯಿಂದ ಕಳೆಯುತ್ತದೆ. ಕೊನೆಯ ಈ ಸಾಲು ಇದ್ದದ್ದಕ್ಕೆ ಪೆನ್ ಸ್ಟೇಟ್ ಉಳಿಸಿಕೊಂಡಿತು, ಇಲ್ಲದ್ದಕ್ಕೆ ಟೆಕ್ಸಸ್ ಎ ಅಂಡ್ ಎಂ ತೆತ್ತಿತು. ಹೊಸ ಸಂಸ್ಥೆ ಬೇಕೆಂದೇ ಕಡಿಮೆ ಸಂಬಳ ತೋರಿಸಿ ನಿಮ್ಮ ತಲೆಗೆ ಕಟ್ಟದಂತೆ "ಮಾರುಕಟ್ಟೆ ದರ" ಎಂಬ ಪದವನ್ನೂ ಸೇರಿಸಿ.

ಕೋಚ್ ತಾವಾಗಿ ಬಿಟ್ಟುಹೋದರೆ ನಿಮಗೆ ಬರಬೇಕಾದ ಮೊತ್ತವೂ ಅಷ್ಟೇ ಗಟ್ಟಿಯಾಗಿರಲಿ, ವಿಶೇಷವಾಗಿ ಮೊದಲ ಎರಡು ವರ್ಷ. ನೀವು ಅವರ ಹಳೆಯ ಸಂಸ್ಥೆಗೆ ಕಟ್ಟುವ ಬೈಔಟ್ ಕೋಚ್‌ನ ಆದಾಯವೆಂದು ತೆರಿಗೆಗೆ ಸೇರಬಹುದು. ಆ ತೆರಿಗೆ ಯಾರದೆಂದು ಮೊದಲೇ ಬರೆಯದಿದ್ದರೆ ಮಾರ್ಚ್‌ನಲ್ಲಿ ಜಗಳ ಖಂಡಿತ. ಸಕಾರಣ ವಜಾ ಎಂದರೇನು ಎಂಬುದನ್ನು "ಸಂಸ್ಥೆಯ ಹೆಸರಿಗೆ ಧಕ್ಕೆ" ಎಂದು ತೇಲಿಸಿ ಬರೆಯದೆ ಬಿಡಿಬಿಡಿಯಾಗಿ ಬರೆಯಿರಿ: ತನಿಖೆಗೆ ಸಹಕರಿಸದಿರುವುದು, ದೂರನ್ನು ವರದಿ ಮಾಡದಿರುವುದು, ಗಂಭೀರ ಉಲ್ಲಂಘನೆ.

ಆರು ವರ್ಷಕ್ಕಿಂತ ಹೆಚ್ಚಿನ ಅವಧಿ ಕೊಡಬೇಡಿ. "ಅವಧಿ ಉದ್ದವಿದ್ದರೆ ರಿಕ್ರೂಟ್‌ಗಳಿಗೆ ಭರವಸೆ" ಎಂದು ಏಜೆಂಟರು ಪ್ರತಿ ಸಲ ಹೇಳುತ್ತಾರೆ. ಕೋಚ್ ಇರುತ್ತಾರೋ ಇಲ್ಲವೋ ಎಂದು ನೋಡಲು ಹದಿನೇಳರ ಹುಡುಗ ಒಪ್ಪಂದ ಓದುವುದಿಲ್ಲ, ಶನಿವಾರದ ಸ್ಕೋರ್ ನೋಡುತ್ತಾನೆ.

ಹಂತ 10: ಸಹಿಯಾದ ಮೇಲಿನ ಮೂರು ವಾರ

ಮೊದಲು ಆಟಗಾರರಿಗೆ ಹೇಳಿ, ಆಮೇಲೆ ಪತ್ರಿಕೆಗೆ. ಹತ್ತು ನಿಮಿಷದ ಅಂತರವಿದ್ದರೂ ಸರಿ, ಆದರೆ ಹುಡುಗರು ಫೋನಿನಲ್ಲಿ ಓದಿ ತಿಳಿಯಬಾರದು. ಮೊದಲ ದಿನವೇ ಹೊಸ ಕೋಚ್ ಕೈಗೆ ಒಂದು ಪಟ್ಟಿ ಕೊಡಿ: ಉಳಿಸಿಕೊಳ್ಳಲೇಬೇಕಾದ 20 ಆಟಗಾರರು, ಅವರಿಗೆ ಈಗ ಸಿಗುತ್ತಿರುವ ಹಣ, ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಯಾರು. ಐದು ದಿನ ಬಿಟ್ಟು ಪೋರ್ಟಲ್ ಬಾಗಿಲು ತೆರೆಯುತ್ತದೆ. ಆ ಐದು ದಿನದಲ್ಲಿ ಇಪ್ಪತ್ತೂ ಜನರ ಜೊತೆ ಎದುರಾಎದುರು ಕೂತು ಮಾತು ಮುಗಿಯಬೇಕು, ದಾನಿಗಳ ಭೋಜನಕೂಟ ಆಮೇಲಾಗಲಿ. ಹದಿನೈದನೇ ದಿನಕ್ಕೆ ಇಬ್ಬರು ಕೋಆರ್ಡಿನೇಟರ್‌ಗಳು, ಆಟಗಾರರ ದೇಹಬಲ ಬೆಳೆಸುವ ಕೋಚ್ ಬಂದಿರಬೇಕು. ಮೂರನೇ ವಾರದ ಕೊನೆಗೂ ಲೈನ್ ಕೋಚ್ ಹುದ್ದೆ ಖಾಲಿ ಇದ್ದರೆ, ಸಂದರ್ಶನದಲ್ಲಿ ಬರೆದುಕೊಟ್ಟ ಹೆಸರುಗಳು ಏನಾದವು ಎಂದು ಎ.ಡಿ. ಕೂತು ಕೇಳಬೇಕು.

ಮೊದಲ ವರ್ಷ ಚೆನ್ನಾಗಿ ಹೋದರೆ ನವೆಂಬರ್‌ನಲ್ಲಿ ಏಜೆಂಟರ ಫೋನ್ ಬರುತ್ತದೆ: ಬೇರೆಯವರು ಕೇಳುತ್ತಿದ್ದಾರೆ, ಅವಧಿ ವಿಸ್ತರಿಸಿ. ಮಿಷಿಗನ್ ಸ್ಟೇಟ್ 2021ರ ನವೆಂಬರ್‌ನಲ್ಲಿ ಒಂದು ಒಳ್ಳೆಯ ಸೀಸನ್ ನೋಡಿ ಮೆಲ್ ಟಕರ್ ಅವರಿಗೆ ಹತ್ತು ವರ್ಷ, 9.5 ಕೋಟಿ ಡಾಲರ್ ಖಾತರಿ ಕೊಟ್ಟಿತು. ಮರುವರ್ಷ ತಂಡ 5-7. ಕೇಳಿದರೆ ಆ ವರ್ಷದ ಬೋನಸ್ ಹೆಚ್ಚಿಸಿ, ಸಹಾಯಕರ ಸಂಬಳಕ್ಕೆ ಹಣ ಸೇರಿಸಿ, ಕೋಚ್ ಬಿಟ್ಟುಹೋದರೆ ಕಟ್ಟಬೇಕಾದ ಮೊತ್ತವನ್ನೂ ಅದೇ ಸಹಿಯಲ್ಲಿ ಏರಿಸಿ. ಖಾತರಿಯ ವರ್ಷಗಳನ್ನು ಎರಡನೇ ಸೀಸನ್ ಮುಗಿಯುವವರೆಗೆ ಮುಟ್ಟಬೇಡಿ.